ನೆಗಡಿಗೂ ನಿನಗೂ ಒಂದೇ ಮಾತು

ಅಕ್ಕಾ, ವಿಮಲಕ್ಕಾ,

ಕ್ಷೇಮವೇ ಎಂದು ಕೇಳಿ ಶುರು ಮಾಡುವುದು ರೂಢಿ. ನಿನ್ನನ್ನು ಅದು ಕೇಳುವ ಹಾಗಿಲ್ಲ. ನಾನು ಕ್ಷೇಮ ಅಂತ ಬರೆದರೆ ನೀನು ನಂಬುವವಳೂ ಅಲ್ಲ. ಹಾಗಾಗಿ ನೇರವಾಗಿ ವಿಷಯಕ್ಕೇ ಬರುತ್ತೇನೆ. ಇಂಗ್ಲಿಷಿನಲ್ಲಿ ‘ಗೆಟ್ ಓವರ್’ ಅನ್ನುತ್ತಾರಲ್ಲ, ಹಾಗೆಂದರೆ ಏನು? ನಗಬೇಡ. ದಾದರಿನ ಸೀರೆ ಅಂಗಡಿಯಲ್ಲಿ ಇಷ್ಟು ವರ್ಷ ನಿಂತು, ಇಂಗ್ಲಿಷಿನಲ್ಲೇ ಚೌಕಾಸಿ ಮಾಡುವ ಹೆಂಗಸರಿಗೆ ಪೈಠಣಿ ಬಿಚ್ಚಿ ತೋರಿಸಿದವಳು ನಾನು. ಆದರೂ ಇದೊಂದು ಮಾತು ತಲೆಗೆ ಹತ್ತುತ್ತಿಲ್ಲ. ಇಂಥದ್ದು ಬಂದಾಗಲೆಲ್ಲ ನಿನ್ನನ್ನೇ ಕೇಳುತ್ತಿದ್ದೆ. ಈಗ ಈ ಮಾತು ಬಂದಿರುವುದೇ ನೀನು ಹೋದದ್ದಕ್ಕೆ. ಇದನ್ನು ಯಾರ ಹತ್ತಿರ ಕೇಳಲಿ ಹೇಳು?

ದೀಪಾವಳಿ ಹತ್ತಿರ ಬಂದಿತ್ತು. ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚಿ ಕೂತಾಗ ಫೋನು ನೋಡಿದರೆ ಸ್ನೇಹಾಳ ಮೆಸೇಜು. ನಿನ್ನ ಮಗಳು ನನಗೆ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾಳೆ, ಚಿಕ್ಕಮ್ಮ ಅನ್ನಲು ಮರಾಠಿಯ ಮೌಶಿ ಅನ್ನುತ್ತಾಳೆ, ನಿನಗೆ ಗೊತ್ತಲ್ಲ. ಈ ಸಲ ಅರ್ಧ ಮಾತ್ರ ಕನ್ನಡ. ‘ಮೌಶಿ, ಪ್ಲೀಸ್ ಸ್ವಲ್ಪ ದಿನ ಬರಬ್ಯಾಡ. ಐ ನೀಡ್ ಟೈಮ್ ಟು ಗೆಟ್ ಓವರ್ ಇಟ್.’ ಅಷ್ಟೇ. ಕೆಳಗೆ ಕೈಮುಗಿದ ಚಿತ್ರ. ಬೇಸಿಗೆಯಲ್ಲಿ ನೀನು ಹೋದಾಗಿನಿಂದ ನಾನು ಒಂದು ಭಾನುವಾರವೂ ತಪ್ಪಿಸದೆ ಗೋರೆಗಾಂವ್‌ಗೆ ಹೋಗುತ್ತಿದ್ದೆ. ಚಾಳು ಬಿಟ್ಟು ನೀವು ಹೋಗಿ ಸೇರಿದ ಆ ಫ್ಲ್ಯಾಟಿನಲ್ಲಿ ಹುಡುಗಿ ಒಬ್ಬಳೇ ಇರುತ್ತಾಳಲ್ಲ ಎಂಬ ಸಂಕಟ. ಅವಳಿಗೆ ಅಪ್ಪನ ನೆನಪೇ ಸರಿಯಾಗಿಲ್ಲ, ಈಗ ನೀನೂ ಇಲ್ಲ. ಅಂಥವಳು ಬರಬೇಡ ಅಂದರೆ? ನಿನ್ನದು ಅಂತ ಈ ಊರಲ್ಲಿ ನನಗೆ ಉಳಿದಿರುವುದು ಅವಳೊಬ್ಬಳೇ ವಿಮಲಕ್ಕ. ಅವಳೂ ಬಾಗಿಲು ಹಾಕಿಕೊಂಡರೆ ನಾನು ನಿನ್ನನ್ನು ಎರಡನೇ ಸಲ ಕಳೆದುಕೊಂಡ ಹಾಗೆ. ಡಬ್ಬಿಯ ಚಪಾತಿ ಹಾಗೇ ಉಳಿಯಿತು.

ನಾವು ಮೊದಲು ಮಾತಾಡಿದ್ದು ನೆನಪಿದೆಯಾ? ಲೇಡೀಸ್ ಡಬ್ಬದ ನೂಕಾಟದಲ್ಲಿ ಯಾರೋ ನನ್ನ ಕಾಲು ತುಳಿದರು. ಇಲ್ಲಿ ಯಾರಿಗೆ ತಿಳಿಯುತ್ತದೆ ಅಂದುಕೊಂಡು ನಾನು ನಮ್ಮ ವಿಜಾಪುರದ ಗತ್ತಿನಲ್ಲೇ, “ಕಣ್ಣ ಅದಾವೋ ಇಲ್ಲೋ?” ಅಂದೆ. ಹಿಂದಿನಿಂದ ಧಾರವಾಡದ ಮೆತ್ತಗಿನ ದನಿ ಬಂತು. “ಕಣ್ಣ ಅವ ತಂಗೀ, ಕಾಲ ಇಡ್ಲಿಕ್ಕೆ ಜಾಗಾ ಇಲ್ಲ.” ತುಳಿದವಳು ನೀನೇ! ಘಾಟ್ಕೋಪರಿನಲ್ಲಿ ಇಳಿದು ನಡೆದರೆ ಇಬ್ಬರದೂ ಒಂದೇ ಗಲ್ಲಿ, ಅಕ್ಕಪಕ್ಕದ ಚಾಳು. ಆವತ್ತಿನಿಂದ ಸಂಜೆಯ ಗಾಡಿಯಲ್ಲಿ ನೀನು ಮೊದಲ ಸ್ಟೇಷನ್ನಿನಲ್ಲೇ ಹತ್ತಿ ನನಗೆ ಜಾಗ ಹಿಡಿದಿರುತ್ತಿದ್ದೆ. ನಾನು ದಾದರಿನಲ್ಲಿ ಹತ್ತಿ, ಬಟಾಣಿಯೋ ಮೆಂತ್ಯೆಯೋ ಬಿಡಿಸುತ್ತ, ಅಂಗಡಿಯಲ್ಲಿ ಕೇಳಿಸಿಕೊಂಡ ಇಂಗ್ಲಿಷನ್ನೆಲ್ಲ ನಿನ್ನ ಮುಂದೆ ಸುರುವುತ್ತಿದ್ದೆ.

ಒಮ್ಮೆ ಗಿರಾಕಿಯೊಬ್ಬಳು ಅಂಗಡಿಯ ಅರ್ಧ ಸೀರೆ ಬಿಚ್ಚಿಸಿ, ಒಂದನ್ನೂ ಕೊಳ್ಳದೆ, ಹೋಗುವಾಗ ನಕ್ಕು ‘ನೀವು ನಮ್ಮನ್ನೆಲ್ಲ ಹೇಗೆ ಪುಟ್ ಅಪ್ ವಿತ್ ಮಾಡ್ತೀರೋ’ ಅಂದಿದ್ದಳು. ಬೈದಳೋ ಹೊಗಳಿದಳೋ ತಿಳಿಯದೆ ನಾನು ಒದ್ದಾಡಿಕೊಂಡು ಬಂದೆ. ನೀನು ನನ್ನ ಪಕ್ಕದಲ್ಲಿ ಒತ್ತಿಕೊಂಡು ಕೂತಿದ್ದ ದಪ್ಪ ಹೆಂಗಸಿನ ಕಡೆ ಕಣ್ಣು ತೋರಿಸಿದೆ. “ಆಕಿ ಮೊಣಕೈ ದಾದರದಿಂದ ನಿನ್ನ ಹೊಟ್ಟ್ಯಾಗ ಅದ. ನೀ ಏನೂ ಅಂದಿಲ್ಲ. ಇದ ನೋಡು ಪುಟ್ ಅಪ್ ವಿತ್.” ಅದಾದ ಮೇಲೆ ಆ ಮಾತು ನನಗೆ ಎಂದೂ ಮರೆತಿಲ್ಲ. ಮಾತನ್ನು ಬಿಡಿಸಿ ಬಿಡಿಸಿ ನೋಡಬೇಡ, ಯಾರು ಯಾರಿಗೆ ಯಾವಾಗ ಅಂದರು ಅದನ್ನು ನೋಡು, ಅರ್ಥ ತಾನೇ ಹೊಳೆಯುತ್ತದೆ ಅಂತಿದ್ದೆ ನೀನು. ಈಗಲೂ ಹಾಗೇ ನೋಡಿದೆ. ಯಾರು ಅಂದರು? ನಿನ್ನ ಮಗಳು. ಯಾರಿಗೆ? ನನಗೆ. ಯಾವಾಗ? ನೀನಿಲ್ಲದ ಮೊದಲ ದೀಪಾವಳಿಗೆ. ಹೊಳೆದ ಅರ್ಥ, ‘ನೀನು ನನ್ನ ಮನೆಗೆ ಬರಬೇಡ’ ಎಂಬುದೊಂದೇ. ಅದೇ ಅದರ ಅರ್ಥವಾಗಿರಲಾರದು ಅಂತ ಮನಸ್ಸು ಹಟ ಹಿಡಿದಿತ್ತು.

ಕೊನೆಗೆ ನನ್ನ ಮಗನನ್ನೇ ಕೇಳಿದೆ. ನಿಖಿಲ ನಿನಗೆ ಗೊತ್ತಲ್ಲ, ಕಿವಿಯಲ್ಲಿ ಆ ಬಿಳಿ ಗುಂಡಿ ಸಿಕ್ಕಿಸಿಕೊಂಡೇ ಉಣ್ಣುತ್ತಾನೆ. ಒಂದು ಕಿವಿಯದನ್ನು ತೆಗೆದು, “ಮಮ್ಮಿ, ಸಿಂಪಲ್ ಐತಿ. ಆಗಿದ್ದ ಆಗೇತಿ. ಅದರಾಗ ಅಟಕ್ ಆಗಿ ಕೂಡಬಾರ್ದು. ಮುಂದ ಹೋಗೋದು” ಅಂದ.

“ಮುಂದ ಅಂದ್ರ ಎಲ್ಲಿಗೆ?”

“ಅರೇ ಮಮ್ಮಿ, ಎಲ್ಲಿಗೂ ಅಲ್ಲ. ಮನಸ್ಸಿನ್ಯಾಗ.”

“ಮನಸ್ಸಿನ್ಯಾಗ ಮುಂದ ಹೋದ್ರ ವಿಮಲಕ್ಕ ಹಿಂದ ಉಳೀತಾಳಲ್ಲೋ?”

“ನೀ ಭಾಳ ಲೋಡ್ ತಗೋತಿ” ಅಂತ ಗುಂಡಿಯನ್ನು ಮತ್ತೆ ಕಿವಿಗೆ ಸಿಕ್ಕಿಸಿಕೊಂಡ. ನನ್ನ ಹೊಟ್ಟೆಯಲ್ಲಿ ಹುಟ್ಟಿದ ಮಗ, ಇಂಗ್ಲಿಷ್ ಮೀಡಿಯಂ ಓದಿದವನು, ಅವನಿಗೂ ಇದು ಇಷ್ಟೇ ಗೊತ್ತು. ಆಮೇಲೆ ಫೋನಿನಲ್ಲೇ ಹುಡುಕಿದೆ. ಚೇತರಿಸಿಕೊಳ್ಳು, ದಾಟು, ಗುಣವಾಗು ಅಂತ ಸಾಲಾಗಿ ಬಂತು. ಕೆಳಗೆ ಉದಾಹರಣೆಗಳು. ಅವಳು ನೆಗಡಿಯನ್ನು ಗೆಟ್ ಓವರ್ ಮಾಡಿದಳು. ಅವನು ಪರೀಕ್ಷೆಯ ಸೋಲನ್ನು ಗೆಟ್ ಓವರ್ ಮಾಡಿದ. ಅವರು ತಾಯಿಯ ಸಾವನ್ನು ಇನ್ನೂ ಗೆಟ್ ಓವರ್ ಮಾಡಿಲ್ಲ. ಓದಿ ನನಗೆ ಸಿಟ್ಟೇ ಬಂತು. ಏನಿದು ವಿಮಲಕ್ಕ, ನೆಗಡಿಗೂ ನಿನಗೂ ಒಂದೇ ಮಾತೇ? ನೆಗಡಿಯಾದರೆ ಮೂಗು ಒರೆಸಿಕೊಂಡು, ಕಷಾಯ ಕುಡಿದು, ಎರಡು ದಿನ ಮಲಗಿ ಎದ್ದರೆ ಹೋಯಿತು, ಮತ್ತೆ ಅದನ್ನು ಯಾರು ನೆನೆಸುತ್ತಾರೆ? ನಿನಗೆ ಯಾವ ಕಷಾಯ ಕುಡಿಯಲಿ? ಕುಡಿದು ಹುಷಾರಾದೆ ಅಂತಿಟ್ಟುಕೋ, ಆಗ ನೀನು...

ಬಿಡು. ನಿನ್ನ ಮನೆಯವರು ತೀರಿಕೊಂಡ ಮೇಲೆ ನೀನು ಮತ್ತೆ ಗಾಡಿ ಹತ್ತಿದ ದಿನ ನನ್ನ ಕಣ್ಣ ಮುಂದಿದೆ. ಸ್ನೇಹಾ ಆಗ ಇನ್ನೂ ಬಾಲವಾಡಿಗೆ ಹೋಗುತ್ತಿದ್ದಳು. ಡಬ್ಬದ ಹೆಂಗಸರಿಗೆಲ್ಲ ಸುದ್ದಿ ತಿಳಿದಿತ್ತು. ದಿನವೂ ಸೀಟಿಗಾಗಿ ಜುಟ್ಟು ಹಿಡಿಯುವಷ್ಟು ಜಗಳವಾಡುವವರು ಆವತ್ತು ಮಾತಿಲ್ಲದೆ ಸರಿದು ನಿನ್ನನ್ನು ಕಿಟಕಿಯ ಪಕ್ಕ ಕೂಡಿಸಿದರು. ಯಾರೂ ಸಮಾಧಾನದ ಮಾತಾಡಲಿಲ್ಲ. ಎದುರಿಗಿದ್ದ ಮರಾಠಿ ಹೆಂಗಸೊಬ್ಬಳು ತನ್ನ ಚೀಲದಿಂದ ಮೆಂತ್ಯೆಯ ದೊಡ್ಡ ಕಟ್ಟು ತೆಗೆದು ನಿನ್ನ ಉಡಿಯಲ್ಲಿ ಹಾಕಿ, “ಏವ್ಢಂ ನಿವಡೂನ್ ದೇ ಗ” ಅಂದಳು, ಇಷ್ಟನ್ನು ಸೋಸಿಕೊಡೇ ಅಂತ. ನೀನು ತಲೆ ತಗ್ಗಿಸಿ ಸೋಸುತ್ತ ಕೂತೆ. ಕುರ್ಲಾ ದಾಟುವಾಗ ಎಲೆಗಳ ಮೇಲೆ ಹನಿ ಬಿದ್ದದ್ದನ್ನು ನಾನು ಕಂಡೆ, ಅವಳೂ ಕಂಡಳು. ಸೊಪ್ಪು ವಾಪಸ್ಸು ಇಸಿದುಕೊಳ್ಳುವಾಗ ಏನೂ ಆಗಿಲ್ಲವೆಂಬಂತೆ ಥ್ಯಾಂಕ್ಯೂ ಅಂದಳು. ಅದು ಗೆಟ್ ಓವರ್ ಏನು? ನೀನು ಅವರನ್ನು ಯಾವಾಗ ದಾಟಿದೆ? ದಾಟಿದೆಯಾ? ಇಷ್ಟು ವರ್ಷದಲ್ಲಿ ನಾನು ಅದನ್ನು ಕೇಳಲೇ ಇಲ್ಲ, ನೀನೂ ಹೇಳಲಿಲ್ಲ.

ನಮ್ಮ ಕಡೆ ಇದಕ್ಕೆಲ್ಲ ಒಂದು ಪದ್ಧತಿ ಇದೆಯಲ್ಲ. ಸಾವಾದ ಮನೆಯಲ್ಲಿ ಮೊದಲ ಹಬ್ಬಕ್ಕೆ ಎಣ್ಣೆ ಕಡಾಯಿ ಇಡುವುದಿಲ್ಲ, ಕರಿದದ್ದು ಸಿಹಿ ಏನೂ ಮಾಡುವುದಿಲ್ಲ. ತವರಿನವರೋ ಬೀಗರೋ ಕರ್ಚಿಕಾಯಿ, ಉಂಡಿ ಮಾಡಿಕೊಂಡು ಬಂದು, ಅವರ ಮನೆಯಲ್ಲೇ ಕೂತು, ಬಾಯಿಗೆ ತುರುಕಿ, ‘ಸುಧಾರಿಸ್ಕೋರಿ ಇನ್ನ’ ಅನ್ನಬೇಕು. ಅಲ್ಲಿಗೆ ಆ ಮನೆಗೆ ಮತ್ತೆ ಹಬ್ಬ ಬಂತು ಅಂತ ಲೆಕ್ಕ. ನಮ್ಮವ್ವ ಇಂಥ ಎಷ್ಟೋ ಮನೆಗೆ ಬುಟ್ಟಿ ಹೊತ್ತುಕೊಂಡು ಹೋದದ್ದನ್ನು ನೋಡಿ ಬೆಳೆದವಳು ನಾನು. ದುಃಖದವರು ತಾವೇ ಎದ್ದು ಸುಧಾರಿಸಿಕೊಳ್ಳುವುದಲ್ಲ, ಯಾರಾದರೂ ಬಂದು ಎಬ್ಬಿಸಬೇಕು. ಇದು ನನಗೆ ತಿಳಿಯುತ್ತದೆ. ಆದರೆ ಇಲ್ಲಿ ಒಬ್ಬಳೇ ಹುಡುಗಿ, ‘ಯಾರೂ ಬರಬೇಡಿ, ನನಗೆ ಟೈಮ್ ಕೊಡಿ’ ಅನ್ನುತ್ತಾಳೆ. ಧಾರವಾಡದ ನಿನ್ನ ಅಣ್ಣ ಫೋನ್ ಮಾಡಿ ಮುಗಿಸಿದ. ಇನ್ನು ಉಳಿದವಳು ನಾನು. ನಾನು ಯಾರು? ತವರಲ್ಲ, ಬೀಗರಲ್ಲ, ಗಾಡಿಯಲ್ಲಿ ಜೊತೆಗಿದ್ದವಳು. ನನಗೆ ಬುಟ್ಟಿ ಹೊರುವ ಹಕ್ಕಾದರೂ ಇದೆಯೇ?

ಹಕ್ಕಿನ ಮಾತು ಹಾಳಾಗಲಿ ಅಂತ ಕರ್ಚಿಕಾಯಿ ಮಾಡಿದೆ. ಕೊಬ್ಬರಿ, ಎಳ್ಳು, ಏಲಕ್ಕಿ, ಎಲ್ಲ ನಿನಗೆ ಇಷ್ಟವಾದ ಹಾಗೆ. ಹಬ್ಬದ ಮೊದಲ ದಿನ ಅಂಗಡಿಗೆ ಅರ್ಧ ರಜೆ ಹಾಕಿ, ಘಾಟ್ಕೋಪರಿನಿಂದ ಮೆಟ್ರೊ ಹಿಡಿದು ಅಂಧೇರಿ, ಅಲ್ಲಿಂದ ಲೋಕಲ್‌ನಲ್ಲಿ ಗೋರೆಗಾಂವ್. ದಾರಿಯುದ್ದಕ್ಕೂ ಡಬ್ಬಿಯನ್ನು ತೊಡೆಯ ಮೇಲೆ ಹಸುಗೂಸಿನ ಹಾಗೆ ಹಿಡಿದುಕೊಂಡಿದ್ದೆ. ನಿಮ್ಮ ಸೊಸೈಟಿಯ ಗೇಟಿನಲ್ಲಿ ಹಳೆಯ ವಾಚ್‌ಮನ್ ಇಲ್ಲ, ಹೊಸಬ. “ಕಿಸ್‌ಕೇ ಘರ್ ಜಾನಾ ಹೈ?” ಅಂದ, ಯಾರ ಮನೆಗೆ ಅಂತ. ಫ್ಲ್ಯಾಟ್ ನಂಬರ್ ಹೇಳಿದೆ. “ಆಪ್ ಉನ್‌ಕೀ ಕೌನ್ ಲಗ್ತೀ ಹೈಂ?” ಅಂತ, ಅವರಿಗೆ ನೀವು ಏನಾಗಬೇಕು ಅಂತ ಕೇಳುತ್ತ ಇಂಟರ್‌ಕಾಮಿನ ರಿಸೀವರ್ ಎತ್ತಿದ. ಯಾರು ಅನ್ನುವುದು ಹಾಗಿರಲಿ, ಅವನು ಫೋನ್ ಮಾಡಿದರೆ ಅವಳು ಏನಾದರೊಂದು ಹೇಳಲೇಬೇಕು. ಬಾ ಅಂದರೆ ಮನಸ್ಸಿಲ್ಲದೆ ಅಂದ ಹಾಗೆ, ಬೇಡ ಅಂದರೆ ಹಬ್ಬದ ದಿನ ಆ ಕೂಸಿನ ಬಾಯಿಂದ ನಾನೇ ಬೇಡ ಅನ್ನಿಸಿದ ಹಾಗೆ. “ರಹನೇ ದೋ ಭೈಯಾ, ಗಲತ್ ಬಿಲ್ಡಿಂಗ್”, ಬಿಡಪ್ಪಾ, ಬಿಲ್ಡಿಂಗ್ ತಪ್ಪಿತು ಅಂತ ಹೇಳಿ ಹಿಂದಿರುಗಿಬಿಟ್ಟೆ. ಎಷ್ಟೋ ಸಲ ನೀನು ನನ್ನನ್ನು ಕಾದು ನಿಂತ ಗೇಟು ಅದು.

ವಾಪಸ್ಸು ಬರುವ ಗಾಡಿಯಲ್ಲಿ ಏನು ಮಾಡಿದೆ ಗೊತ್ತಾ? ಆ ಡಬ್ಬಿಯನ್ನು ಮನೆಗೆ ಒಯ್ಯಲು ಮನಸ್ಸಾಗಲಿಲ್ಲ. ಪಕ್ಕದವರಿಗೆ, ಎದುರಿನವರಿಗೆ ಹಂಚತೊಡಗಿದೆ. ಎಲ್ಲರೂ ದೀಪಾವಳಿಯ ಹುರುಪಿನಲ್ಲಿದ್ದರು, ಬೇಡ ಅನ್ನದೆ ತಿಂದರು. ಒಬ್ಬ ಗುಜರಾತಿ ಅಜ್ಜಿ ಬೆರಳು ನೆಕ್ಕುತ್ತ, “ಬಹುತ್ ಅಚ್ಛಾ ಬೇಟಾ. ಖುಶೀ ಕಿಸ್ ಬಾತ್ ಕೀ ಹೈ?” ಅಂತ ಕೇಳಿದರು. ಯಾವ ಖುಷಿಗೆ ಅಂತ ಹೇಳಲಿ? ನನ್ನ ಗೆಳತಿ ಸತ್ತಿದ್ದಾಳೆ, ಅವಳ ಮಗಳ ಬಾಯಿಗೆ ಹಾಕಬೇಕಿದ್ದದ್ದು ನಿಮ್ಮ ಬಾಯಿಗೆ ಬಿತ್ತು ಅನ್ನಲೇ? “ಬಸ್, ಐಸೇ ಹೀ” ಅಂದೆ, ಹೀಗೇ ಸುಮ್ಮನೆ ಅಂತ. ಅವರು ನನ್ನ ತಲೆ ಸವರಿ ಹರಸಿದರು. ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಕೂತೆ. ನನಗಾಗ ಅನ್ನಿಸಿದ್ದು ಇಷ್ಟೇ. ಸ್ನೇಹಾಳ ದುಃಖ ದೊಡ್ಡದು, ಒಪ್ಪಿದೆ. ನನ್ನದಕ್ಕೆ ಹೆಸರೇ ಇಲ್ಲವಲ್ಲ? ನನ್ನ ಬಾಗಿಲಿಗೆ ಯಾರು ಬುಟ್ಟಿ ತರುತ್ತಾರೆ? ಗಾಡಿಯ ಗೆಳತಿ ಸತ್ತರೆ ಸೂತಕವಿಲ್ಲ, ಅಂಗಡಿಯಲ್ಲಿ ರಜೆಯಿಲ್ಲ, ಮನೆಯಲ್ಲಿ ‘ಭಾಳ ಲೋಡ್ ತಗೋತಿ’ ಅನ್ನುತ್ತಾರೆ.

ಪಾಡ್ಯದ ದಿನ ಬೆಳಿಗ್ಗೆ ನಾನು ಬಾಗಿಲ ಮುಂದೆ ರಂಗೋಲಿ ಹಾಕುತ್ತಿದ್ದೆ. ಮೆಟ್ಟಿಲು ಹತ್ತಿ ಬಂದು ಯಾರೋ ರಂಗೋಲಿಯ ಅಂಚಿಗೆ ನಿಂತರು. ಕಾಲು ನೋಡಿದೆ. ನಿನ್ನ ಕಾಲು! ಅದೇ ಉದ್ದ ಹೆಬ್ಬೆರಳು, ಅದೇ ಒಳಗೆ ಬಾಗಿದ ಕಿರುಬೆರಳು. ತಲೆ ಎತ್ತಿದರೆ ಸ್ನೇಹಾ. ಕೂದಲು ಕೆದರಿದೆ, ಕುರ್ತಾದ ಮೇಲೆ ಮೈದಾ ಹಿಟ್ಟು. ಕೈಯಲ್ಲಿ ಒಂದು ಸ್ಟೀಲ್ ಡಬ್ಬಿ. “ಮೌಶಿ, ಒಳಗ ಬರ್ಲಾ?” ಅಂದಳು. ಎಂದೂ ಕೇಳದೆ ನುಗ್ಗುತ್ತಿದ್ದ ಹುಡುಗಿ ಕೇಳಿ ಬಂದಳು.

ಡಬ್ಬಿ ತೆಗೆದರೆ ಕರ್ಚಿಕಾಯಿ. ಅವುಗಳ ಅವತಾರ ಏನು ಹೇಳಲಿ! ಕೆಲವು ಬಾಯಿಬಿಟ್ಟು ಹೂರಣವೆಲ್ಲ ಎಣ್ಣೆಗೆ ಕೊಟ್ಟಿದ್ದವು, ಕೆಲವು ಕಪ್ಪಗೆ, ಕೆಲವು ಇನ್ನೂ ಬಿಳಿ. “ವಿಡಿಯೋ ನೋಡಿ ಮಾಡ್ದೆ. ಮಮ್ಮಿ ಮಾಡ್ತಿದ್ದ ಹಂಗ ತಿನ್ಬೇಕು ಅನ್ನಿಸ್ತು. ಮಾಡಿದ್ ಮ್ಯಾಲೆ ಅಕೇಲೇ ತಿನ್ನೋಕ್ಕ ಆಗ್ಲಿಲ್ಲ. ಅದಕ್ಕ ಇಲ್ಲಿ ತಂದೆ.”

“ಮನ್ಯಾಗ ಕಡಾಯಿ ಇಟ್ಟಿದ್ದೇನ?” ನನ್ನ ಬಾಯಿಂದ ಬಂದೇಬಿಟ್ಟಿತು.

“ಹಾಂ. ಯಾಕ? ಇಡಬಾರ್ದಿತ್ತಾ? ಏನರ ತಪ್ಪಾಯ್ತಾ ಮೌಶಿ?”

ನಿನ್ನ ಮಗಳಿಗೆ ಗೊತ್ತೇ ಇಲ್ಲ. ಯಾರು ಹೇಳಿದ್ದಾರೆ ಅವಳಿಗೆ? ಸಾವಿನ ಮನೆಯಲ್ಲಿ, ಮೊದಲ ಹಬ್ಬಕ್ಕೆ, ಯಾರ ದುಃಖವೋ ಅವಳೇ ಎಣ್ಣೆ ಕಾಯಿಸಿ, ಅವಳೇ ಕರಿದು, ಅವಳೇ ಡಬ್ಬಿ ಹೊತ್ತು ನನ್ನ ಬಾಗಿಲಿಗೆ ತಂದಿದ್ದಾಳೆ. ಎಲ್ಲವೂ ಉಲ್ಟಾ. ನಮ್ಮವ್ವ ಇದ್ದಿದ್ದರೆ ಹಣೆ ಹಣೆ ಬಡಿದುಕೊಳ್ಳುತ್ತಿದ್ದಳು. ನನಗೆ ಅಪಶಕುನ ಅನ್ನಿಸಬೇಕಿತ್ತು. ಹಾಗೆ ಏನೂ ಅನ್ನಿಸಲಿಲ್ಲ. “ಯಾವ ತಪ್ಪೂ ಇಲ್ಲ, ಉರಿ ಸ್ವಲ್ಪ ಕಡಿಮಿ ಇಡಬೇಕಿತ್ತು” ಅಂದೆ. ಬಾಯಿಬಿಟ್ಟದ್ದೊಂದನ್ನು ತೆಗೆದು ಅರ್ಧ ಅವಳಿಗೆ ತಿನ್ನಿಸಿ ಅರ್ಧ ನಾನು ತಿಂದೆ. ಸಕ್ಕರೆ ಜಾಸ್ತಿಯಾಗಿತ್ತು, ಏಲಕ್ಕಿ ಮರೆತಿದ್ದಳು.

ಧೈರ್ಯ ಮಾಡಿ ಕೇಳಿಯೇಬಿಟ್ಟೆ. “ಸ್ನೇಹಾ, ನೀ ಬರೆದಿದ್ದೆಲ್ಲ, ಗೆಟ್ ಓವರ್ ಅಂತ. ಅಂದ್ರ ಏನವ್ವಾ?”

ಅವಳು ನೆಲ ನೋಡಿದಳು. “ಮಾಲೂಮ್ ನಹೀಂ ಮೌಶಿ, ಗೊತ್ತಿಲ್ಲ. ಆಫೀಸ್ನಾಗ ಎಲ್ಲಾರೂ ಅಂತಾರ, ಯೂ ವಿಲ್ ಗೆಟ್ ಓವರ್ ಇಟ್, ಅಂತ. ನಾನೂ ಬರೆದೆ.” ಆಮೇಲೆ ಒಮ್ಮೆಲೇ ಅಂದಳು, “ಸಿಟ್ಟ್ ಮಾಡ್ಕೋಬ್ಯಾಡ. ನೀ ಬಂದಾಗೆಲ್ಲಾ ನೀನ ಅಳ್ತಿ. ಬಾಗಲಾಗಿಂದ ಶುರು. ಫಿರ್ ನಾ ನಿನಗ ನೀರ್ ಕೊಡ್ಬೇಕು, ಚಾ ಮಾಡ್ಬೇಕು, ಚುಪ್ ಮಾಡಿಸ್ಬೇಕು. ನೀ ಹ್ವಾದ್ ಮ್ಯಾಲೆ ನನಗ ಅಳು ಬರೋದೇ ಇಲ್ಲ. ನನ್ನ ಟರ್ನ್ ಬರೋದೇ ಇಲ್ಲ ಮೌಶಿ.”

ಬುಟ್ಟಿ ಹೊತ್ತು ಎಬ್ಬಿಸಲು ಹೊರಟವಳು ನಾನು, ಎಬ್ಬಿಸುತ್ತಿದ್ದವಳು ಅವಳು. ನಗಬೇಕೋ ಅಳಬೇಕೋ ತಿಳಿಯದೆ ಅವಳ ಮುಖ ನೋಡುತ್ತಿದ್ದರೆ, ನಿನ್ನ ಮಗಳು ಅತ್ತಳು. ಸ್ಮಶಾನಕ್ಕೆ ನಿನ್ನನ್ನು ಒಯ್ಯುವಾಗಲೂ ಕಲ್ಲಿನ ಹಾಗೆ ನಿಂತಿದ್ದವಳು ಅಡುಗೆಮನೆಯ ನೆಲದ ಮೇಲೆ ಕೂತು, ನನ್ನ ಮೊಣಕಾಲಿಗೆ ತಲೆಯಿಟ್ಟು, ಬಾಯಿಬಿಟ್ಟು ಅತ್ತಳು. ಮಮ್ಮಿ ಅನ್ನಲಿಲ್ಲ, ‘ಅವ್ವಾ’ ಅಂದಳು. ಆ ಮಾತು ಅವಳಿಗೆ ಎಲ್ಲಿಂದ ಬಂತೋ. ನಾನು ಹಲ್ಲು ಕಚ್ಚಿ ಹಿಡಿದುಕೊಂಡೆ ವಿಮಲಕ್ಕ. ಆಣೆ ಮಾಡಿ ಹೇಳುತ್ತೇನೆ, ಒಂದು ಹನಿ ಬೀಳಿಸಲಿಲ್ಲ. ಬೆನ್ನು ಸವರುತ್ತ ಕೂತೆ ಅಷ್ಟೇ. ಜೀವನದಲ್ಲಿ ಅಷ್ಟು ಕಷ್ಟದ ಕೆಲಸ ಇನ್ನೊಂದು ಮಾಡಿಲ್ಲ.

ಈ ಮಾತಿನ ಅರ್ಥ ಇನ್ನೂ ನನಗೆ ಸರಿಯಾಗಿ ತಿಳಿದಿಲ್ಲ. ಅವಳು ಗೆಟ್ ಓವರ್ ಮಾಡಿದಳೋ, ಈಗ ತಾನೇ ಶುರು ಮಾಡಿದಳೋ? ನಾನು ಎಲ್ಲಿದ್ದೇನೆ? ನಿನ್ನ ಆಚೆಗೋ, ಈಚೆಗೋ, ಇನ್ನೂ ನಿನ್ನ ಜೊತೆಗೇ ನಿಂತಿದ್ದೇನೋ? ಗೊತ್ತಿಲ್ಲ. ಮೊದಲ ಹಬ್ಬಕ್ಕೆ ನಿನ್ನ ಅಡುಗೆಮನೆಯಲ್ಲಿ ಕಡಾಯಿ ಇಟ್ಟದ್ದು ತಪ್ಪೆಂದು ಅವಳಿಗೆ ನಾನಂತೂ ಎಂದೂ ಹೇಳುವುದಿಲ್ಲ. ನೀನೂ ಹೇಳಬೇಡ.

ನಿನಗೆ ಹೇಳಬೇಕಾದ ಸುದ್ದಿ ಇದು. ಹೋಗುವಾಗ ಚಪ್ಪಲಿ ಮೆಟ್ಟಿಕೊಳ್ಳುತ್ತ ಅವಳು, “ಸಂಡೇ ಬರ್ತೀ ನಾ?” ಅಂದಳು. ಬರುತ್ತೇನೆ ಅಂದೆ. “ಪಕ್ಕಾ? ಒಂದ್ ಕಂಡೀಶನ್. ಮೊದಲ ನಾ ಅಳ್ತೀನಿ. ನಂದು ಮುಗದ್ ಮ್ಯಾಲೆ ನೀ.”

ಒಪ್ಪಿಕೊಂಡಿದ್ದೇನೆ ವಿಮಲಕ್ಕ. ನನ್ನ ಪಾಳಿ ಬರುವ ತನಕ ಕಾಯುತ್ತೇನೆ.

ನಿನ್ನ,
ಗಂಗೂ